ಡೊಂಬಿವಲಿಯ ಕನ್ನಡಗಳು: ಒಳನುಡಿಯ ವ್ಯಾಕರಣವನ್ನು ಕೇಳಿ ತಿಳಿಯುವ ಬಗೆ

ಒಳನುಡಿಗಳ ವ್ಯತ್ಯಾಸ ಎಂದೊಡನೆ ಮೊದಲು ನೆನಪಾಗುವುದು ಪದಗಳು. ವ್ಯಾಕರಣದ ವ್ಯತ್ಯಾಸ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಮೈಸೂರಿನ ಕಡೆಯವರು ‘ಮನೇಲಿ’ ಎಂದರೆ ಧಾರವಾಡದ ಕಡೆಯವರು ‘ಮನ್ಯಾಗ’ ಎನ್ನುತ್ತಾರೆ, ಕುಂದಾಪುರದವರು ‘ಮನಿಯಂಗೆ’ ಎನ್ನುತ್ತಾರೆ. ಒಬ್ಬರು ಕೆಲಸ ‘ಮಾಡೋಕೆ’ ಹೋದರೆ ಇನ್ನೊಬ್ಬರು ‘ಮಾಡಾಕ’ ಹೋಗುತ್ತಾರೆ, ಮತ್ತೊಬ್ಬರು ‘ಮಾಡ್ಲಿಕ್ಕೆ’, ಮಗದೊಬ್ಬರು ‘ಮಾಡುಕೆ’. ಮನೆ, ಮಾಡು ಎಂಬ ಪದಗಳು ಎಲ್ಲರಿಗೂ ಒಂದೇ. ಅವನ್ನು ವಾಕ್ಯಕ್ಕೆ ಹೊಂದಿಸುವ ಪ್ರತ್ಯಯ ಮಾತ್ರ ಬೇರೆ. ಕರ್ನಾಟಕದಲ್ಲಿ ಈ ರೂಪಗಳ ನಡುವೆ ಹಲವು ಜಿಲ್ಲೆಗಳ ಅಂತರವಿದೆ. ಡೊಂಬಿವಲಿಯಲ್ಲಿ, ಕಲ್ಯಾಣಿನಲ್ಲಿ, ಥಾಣೆ ಮತ್ತು ನವಿ ಮುಂಬಯಿಯಲ್ಲಿ ಒಂದೇ ಬಿಲ್ಡಿಂಗಿನ ಬೇರೆ ಬೇರೆ ಮಹಡಿಗಳಲ್ಲಿ ಇವೆಲ್ಲ ಕೇಳಿಸುವುದು ಅಪರೂಪವಲ್ಲ. ಹಾಗಾಗಿ ಒಳನುಡಿಗಳ ವ್ಯಾಕರಣವನ್ನು ಸಂಶೋಧಕರು ಹೇಗೆ ಅಭ್ಯಸಿಸುತ್ತಾರೆ, ಆ ವಿಧಾನಗಳಲ್ಲಿ ಯಾವುದು ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ನೋಡಲು ಮುಂಬಯಿ ಹೊರವಲಯದ ಈ ಪಟ್ಟಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಪದ ಸಂಗ್ರಹಿಸುವುದು ಹೋಲಿಕೆಯಲ್ಲಿ ಸುಲಭ. ಸೌಟನ್ನೋ ಕಪ್ಪೆಯನ್ನೋ ತೋರಿಸಿ ‘ಇದಕ್ಕೆ ಏನಂತೀರಿ?’ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಭೂತಕಾಲವನ್ನೋ ನಿಷೇಧವನ್ನೋ ಹಾಗೆ ಬೆರಳು ತೋರಿಸಿ ಕೇಳಲಾಗದು. ಉಚ್ಚಾರಣೆಯ ವ್ಯತ್ಯಾಸ ಹತ್ತು ನಿಮಿಷದ ಮಾತಿನಲ್ಲೇ ನೂರಾರು ಸಲ ಸಿಕ್ಕಬಹುದು. ವ್ಯಾಕರಣದ ಒಂದು ರಚನೆಯಾದರೋ ಇಡೀ ಗಂಟೆ ಕಾದರೂ ಒಮ್ಮೆಯೂ ಬಾರದಿರಬಹುದು. ಇವೆರಡಕ್ಕಿಂತ ಬಿಗಿಯಾದ ತೊಡಕು ಇನ್ನೊಂದಿದೆ. ತಮ್ಮ ಮಾತಿನ ವ್ಯಾಕರಣ ಆಡುವವರಿಗೇ ಗೊತ್ತಿರುವುದಿಲ್ಲ. ನೇರವಾಗಿ ಕೇಳಿದರೆ ಅವರು ಹೇಳುವುದು ತಾವು ಆಡುವುದನ್ನಲ್ಲ, ಶಾಲೆಯಲ್ಲಿ ಸರಿ ಎಂದು ಕಲಿತದ್ದನ್ನು. ಈ ವಿದ್ಯೆಯ ವಿಧಾನಗಳೆಲ್ಲ ಈ ಮೂರು ತೊಡಕುಗಳನ್ನು ದಾಟಲು ಹುಟ್ಟಿದವು.

ಹಳೆಯ ದಾರಿ ಅನುವಾದದ್ದು. ಜರ್ಮನಿಯಲ್ಲಿ ಗೇಯೋರ್ಗ್ ವೆಂಕರ್ 1876ರಲ್ಲಿ ಒಂದಿಷ್ಟು ವಾಕ್ಯಗಳನ್ನು ಶಾಲಾ ಮೇಷ್ಟರುಗಳಿಗೆ ಅಂಚೆಯಲ್ಲಿ ಕಳಿಸಿ, ಅವನ್ನು ಊರಿನ ಮಾತಿಗೆ ತಿರುಗಿಸಿ ಬರೆದುಕೊಡಿ ಎಂದು ಕೋರಿದ. ಫ್ರಾನ್ಸಿನಲ್ಲಿ ಜೂಲ್ ಜಿಲ್ಲಿಯೆರೋನ್ ಅಂಚೆಯನ್ನು ನಂಬಲಿಲ್ಲ. ಕಿವಿ ಚುರುಕಾಗಿದ್ದ ಎಡ್ಮಂಡ್ ಎಡ್ಮಾನ್ ಎಂಬಾತನನ್ನು 1897ರಿಂದ 1901ರವರೆಗೆ 639 ಊರುಗಳಿಗೆ ಕಳಿಸಿ ಬರೆಸಿದ. ಭಾರತದಲ್ಲಿ ಜಾರ್ಜ್ ಗ್ರಿಯರ್ಸನ್ 1894ರಲ್ಲಿ ಆರಂಭಿಸಿದ ಭಾಷಾ ಸಮೀಕ್ಷೆ ಸ್ಥಳೀಯ ಅಧಿಕಾರಿಗಳ ಮೂಲಕ ನಡೆಯಿತು. ದಾರಿ ತಪ್ಪಿದ ಮಗನ ಬೈಬಲ್ ಕಥೆಯ ಅನುವಾದ, ಆ ಊರಿನದೇ ಒಂದು ಕಥನ, ಗೊತ್ತುಪಡಿಸಿದ ಪದ ಮತ್ತು ವಾಕ್ಯಗಳ ಒಂದು ಪಟ್ಟಿ, ಇಷ್ಟು ಪ್ರತಿಯೊಂದು ನುಡಿಯಿಂದಲೂ ಬರಬೇಕಿತ್ತು. 1905ರ ಮರಾಠಿ ಸಂಪುಟದಲ್ಲಿ ಥಾಣೆ ಸೀಮೆಯ ಆಗರಿ, ಕೋಳಿ, ವಾರ್ಲಿ, ಠಾಕರಿ, ಕಾತಕರಿಗಳು ದಾಖಲಾದವು. ಕನ್ನಡ ಬಂದದ್ದು 1906ರ ದ್ರಾವಿಡ ಸಂಪುಟದಲ್ಲಿ. ಆದರೆ ಮೈಸೂರು, ಹೈದರಾಬಾದ್ ಸಂಸ್ಥಾನಗಳೂ ಮದರಾಸು ಪ್ರಾಂತ್ಯವೂ ಸಮೀಕ್ಷೆಯ ಹೊರಗಿದ್ದುದರಿಂದ ಕನ್ನಡದ ದೊಡ್ಡ ಭಾಗವೇ ಅದರಲ್ಲಿ ಸೇರಲಿಲ್ಲ. ಅನುವಾದದ ದಾರಿಯ ಕೊರತೆ ಇಂದಿಗೂ ಅದೇ ಆಗಿದೆ: ಮೂಲ ವಾಕ್ಯದ ಕಟ್ಟು ಅನುವಾದಕ್ಕೂ ಅಂಟಿಕೊಂಡು ಬರುತ್ತದೆ. ‘ತೋ ಶಿಕ್ಷಕ್ ಆಹೇ’ ಎಂಬ ಮರಾಠಿ ವಾಕ್ಯವನ್ನು ಕೊಟ್ಟು ಕನ್ನಡದಲ್ಲಿ ಹೇಳಿ ಎಂದರೆ, ಬರಿಯ ‘ಅವ್ರು ಮೇಷ್ಟ್ರು’ ಎನ್ನುವವರೂ ‘ಆಹೇ’ಗೆ ಜೊತೆಯಾಗಿ ಒಂದು ‘ಇದ್ದಾರೆ’ಯನ್ನು ತಂದಿಡುವ ಸಾಧ್ಯತೆಯಿದೆ. ಆ ‘ಇದ್ದಾರೆ’ ಅವರ ದಿನನಿತ್ಯದ ಮಾತಿನದೋ, ಆ ಕ್ಷಣದ ಅನುವಾದದ್ದೋ ಹೇಳುವುದು ಕಷ್ಟ.

ಸ್ವಾತಂತ್ರ್ಯಾನಂತರ ಪುಣೆಯ ಡೆಕ್ಕನ್ ಕಾಲೇಜು ಮತ್ತು ಅಣ್ಣಾಮಲೈ ವಿಶ್ವವಿದ್ಯಾಲಯಗಳಲ್ಲಿ ಒಂದೊಂದೇ ಒಳನುಡಿಯ ಪೂರ್ಣ ವ್ಯಾಕರಣ ಬರೆಯುವ ಕೆಲಸ ನಡೆಯಿತು. ನಂಜನಗೂಡು ಕನ್ನಡ, ಗುಲಬರ್ಗಾ ಕನ್ನಡ, ಹಾಲಕ್ಕಿ ಕನ್ನಡ, ಗೌಡ ಕನ್ನಡಗಳು ಪುಸ್ತಕವಾದವು. ಯು.ಪಿ. ಉಪಾಧ್ಯಾಯರು 1976ರಲ್ಲಿ ಬಳ್ಳಾರಿ, ಗುಲಬರ್ಗಾ, ಕುಮಟಾ, ನಂಜನಗೂಡುಗಳ ಕನ್ನಡವನ್ನು ಪಕ್ಕಪಕ್ಕದಲ್ಲಿಟ್ಟು ತೌಲನಿಕ ಅಧ್ಯಯನ ಪ್ರಕಟಿಸಿದರು. ಎ.ಎಂ. ಘಾಟಗೆಯವರ ಮರಾಠಿ ಒಳನುಡಿ ಸಮೀಕ್ಷೆಯ ಮಾಲೆಯಲ್ಲಿ ಥಾಣೆಯ ವಾರ್ಲಿಗೂ ಕಾಸರಗೋಡಿನ ಮರಾಠಿಗೂ ಒಂದೊಂದು ಸಂಪುಟ ಸಿಕ್ಕಿತು. ಊರಿನಷ್ಟೇ ಜಾತಿಯೂ ವ್ಯಾಕರಣವನ್ನು ಬೇರೆ ಮಾಡುತ್ತದೆ ಎಂಬುದನ್ನು 1960ರ ಸುಮಾರಿಗೆ ವಿಲಿಯಂ ಬ್ರೈಟ್ ಕನ್ನಡದ ಬ್ರಾಹ್ಮಣ, ಒಕ್ಕಲಿಗ ನುಡಿಗಳ ಮೂಲಕ, ವಿಲಿಯಂ ಮೆಕಾರ್ಮ್ಯಾಕ್ ಧಾರವಾಡದ ಕನ್ನಡದ ಮೂಲಕ ತೋರಿಸಿದರು. ಇವು ದೊಡ್ಡ ಕೆಲಸಗಳು, ಇವಿಲ್ಲದೆ ಇಂದು ಹೋಲಿಸಲು ಆಧಾರವೇ ಇರುತ್ತಿರಲಿಲ್ಲ. ಆದರೂ ಇಂಥ ವರ್ಣನೆಗಳು ಬಹುಮಟ್ಟಿಗೆ ಕೆಲವೇ ಮಾತುಗಾರರನ್ನು ನೆಚ್ಚಿಕೊಂಡಿರುತ್ತವೆ. ಒಂದು ನುಡಿಯಲ್ಲಿ ಯಾವ ರೂಪ ಇದೆ ಎಂದು ಅವು ಹೇಳುತ್ತವೆ. ಒಬ್ಬನೇ ಮನುಷ್ಯ ಎರಡು ರೂಪಗಳನ್ನೂ ಬಳಸಿದಾಗ ಯಾವುದನ್ನು ಎಷ್ಟು, ಯಾರ ಮುಂದೆ ಎಂಬುದನ್ನು ಹೇಳುವುದಿಲ್ಲ.

ಎರಡು ರೂಪಗಳನ್ನು ಹೋಲಿಸುವ ಮುನ್ನ ಅವುಗಳ ಅರ್ಥ ಒಂದೇ ಎಂದು ಖಾತ್ರಿಯಾಗಬೇಕು. ವ್ಯಾಕರಣದ ಅಧ್ಯಯನ ಹೆಚ್ಚಾಗಿ ಎಡವುವುದು ಇಲ್ಲಿಯೇ. ಅರ್ಜೆಂಟೀನಾದ ಭಾಷಾವಿಜ್ಞಾನಿ ಬೆಯಾತ್ರಿಸ್ ಲಾವಂದೇರಾ 1978ರಲ್ಲಿ ಇದೇ ಆಕ್ಷೇಪವನ್ನು ಎತ್ತಿದರು: ಒಂದು ಧ್ವನಿ ಬದಲಾದರೆ ಪದದ ಅರ್ಥ ಬದಲಾಗದಿರಬಹುದು, ಒಂದು ರಚನೆ ಬದಲಾದಾಗ ಅರ್ಥ ಬದಲಾಗಿಲ್ಲ ಎನ್ನಲು ಏನು ಆಧಾರ? ಕನ್ನಡದಲ್ಲಿ ಇದಕ್ಕೆ ‘ಹಂಗಿಲ್ಲ’ಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ವಿಜಯಪುರ, ಕಲಬುರಗಿಗಳ ಕಡೆಯಿಂದ ನವಿ ಮುಂಬಯಿಯ ಕಟ್ಟಡ ಕೆಲಸಕ್ಕೆ ಬಂದ ಗೌಂಡಿಯೊಬ್ಬ ‘ನಾಳೆ ನಾ ಬರಂಗಿಲ್ರೀ’ ಎಂದರೆ ಅವನು ಹೇಳುತ್ತಿರುವುದು ‘ಬರುವುದಿಲ್ಲ’ ಎಂದು. ಮೈಸೂರು ಸೀಮೆಯಿಂದ ಬಂದ ಎಂಜಿನಿಯರ್ ಕಿವಿಗೆ ಅದೇ ಮಾತು ‘ಬರುವ ಹಾಗಿಲ್ಲ’ ಎಂದು, ಅಂದರೆ ಯಾರೋ ಬರಬಾರದೆಂದು ತಡೆದಿದ್ದಾರೆ ಎಂದು ಕೇಳಿಸುತ್ತದೆ. ಒಂದು ನುಡಿಯಲ್ಲಿ ಸಾದಾ ನಿಷೇಧವಾದದ್ದು ಇನ್ನೊಂದರಲ್ಲಿ ಅನುಮತಿಯ ಅಭಾವ. ಇವೆರಡನ್ನೂ ಒಂದೇ ಖಾನೆಗೆ ಹಾಕಿ ಲೆಕ್ಕ ಮಾಡಿದರೆ ಆ ಲೆಕ್ಕಕ್ಕೆ ಬೆಲೆಯಿಲ್ಲ.

ಅರ್ಥವನ್ನು ಬಿಡಿಸಿಕೊಳ್ಳಲು ಇರುವ ಉಪಾಯವೆಂದರೆ ಸನ್ನಿವೇಶ ಕಟ್ಟುವುದು. ಮೊದಲ ಸನ್ನಿವೇಶದಲ್ಲಿ ಮದುವೆಯ ಕರೆ ಬಂದಿದೆ, ದಾರಿ ತೆರೆದಿದೆ, ಹೋಗಲು ಮನಸ್ಸಿಲ್ಲ. ಎರಡನೆಯದರಲ್ಲಿ ಹೋಗುವ ಆಸೆ ತುಂಬ ಇದೆ, ಡಾಕ್ಟರು ಬೇಡ ಎಂದಿದ್ದಾರೆ. ಮೂರನೆಯದು ರೂಢಿಯದು: ಒಬ್ಬ ಹುಟ್ಟಿನಿಂದ ಮೀನು ಮುಟ್ಟಿದವನಲ್ಲ. ಈ ಮೂರರಲ್ಲಿ ‘ಹೋಗಂಗಿಲ್ಲ’, ‘ತಿನ್ನಂಗಿಲ್ಲ’ ಯಾವುದಕ್ಕೆ ಒಪ್ಪುತ್ತದೆ ಎಂದು ಕೇಳಿದರೆ ಮಾತುಗಾರ ವ್ಯಾಕರಣದ ಬಗ್ಗೆ ತಲೆ ಕೆಡಿಸಿಕೊಳ್ಳದೆ ಉತ್ತರಿಸುತ್ತಾನೆ. ಎರಡನೆಯದಕ್ಕೆ ಮಾತ್ರ ಒಪ್ಪಿದರೆ ಅದು ಅನುಮತಿಯ ರೂಪ, ಮೂರಕ್ಕೂ ಒಪ್ಪಿದರೆ ಅದು ನಿಷೇಧದ ಸಾಮಾನ್ಯ ರೂಪವಾಗಿ ಬೆಳೆದಿದೆ. ನಡುವಿನ ಉತ್ತರಗಳು ಬರುತ್ತವೆ, ಮತ್ತು ಅವೇ ಹೆಚ್ಚು ಕಲಿಸುವಂಥವು: ರೂಪವೊಂದು ಒಂದು ಅರ್ಥದಿಂದ ಇನ್ನೊಂದಕ್ಕೆ ಸರಿಯುವ ಹಾದಿ ಅಲ್ಲಿ ಕಾಣುತ್ತದೆ.

ಥಾಣೆ–ಕಲ್ಯಾಣ್ ಪಟ್ಟಿಯಲ್ಲಿ ಇದಕ್ಕಿಂತಲೂ ಸ್ವಾರಸ್ಯವಾದ ಒಂದು ಪ್ರಶ್ನೆಯನ್ನು ಹೀಗೆಯೇ ಪರೀಕ್ಷಿಸಬಹುದು. ಬರಹದ ಕನ್ನಡದ ‘ನಾವು’ ಕೇಳುವವರನ್ನು ಸೇರಿಸಿಕೊಂಡೂ ಬರುತ್ತದೆ, ಬಿಟ್ಟೂ ಬರುತ್ತದೆ. ಮರಾಠಿ ಹಾಗಲ್ಲ, ಕೇಳುವವರು ಸೇರಿದರೆ ‘ಆಪಣ’, ಸೇರದಿದ್ದರೆ ‘ಆಮ್ಹೀ’. ತುಳುವಿನಲ್ಲೂ ‘ನಮ’ ಬೇರೆ, ‘ಎಂಕುಲು’ ಬೇರೆ. ಹವ್ಯಕರ ನುಡಿ ಕನ್ನಡದ ಒಳಗೇ ಇದ್ದುಕೊಂಡು ‘ನಾವು’ ಮತ್ತು ‘ಎಂಗೊ’ ಎಂದು ಈ ಭೇದವನ್ನು ಉಳಿಸಿಕೊಂಡಿದೆ. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಸಂಘದಲ್ಲಿ ಕನ್ನಡ ಆಡುವ ಡೊಂಬಿವಲಿಯ ಹುಡುಗಿಯ ಕನ್ನಡದಲ್ಲಿ ‘ನಾವು’ ಒಂದಾಗಿಯೇ ಉಳಿದಿದೆಯೇ, ಇಲ್ಲ ‘ನಾವೆಲ್ಲ’ ಎಂಬಂಥ ಇನ್ನೊಂದು ರೂಪ ಪಕ್ಕದಲ್ಲಿ ಬೆಳೆದು ಕೆಲಸ ಹಂಚಿಕೊಂಡಿದೆಯೇ? ಇದನ್ನು ನೇರವಾಗಿ ಕೇಳಿ ಪ್ರಯೋಜನವಿಲ್ಲ. ಅತ್ತೆ, ಸೊಸೆ, ನೆರೆಯಾಕೆ ಅಡುಗೆಮನೆಯಲ್ಲಿ ಮಾತಾಡುವ ಒಂದು ಸನ್ನಿವೇಶ ಕೊಟ್ಟು, ಟಿಟ್ವಾಳಾದ ಗಣಪತಿ ಗುಡಿಗೆ ಹೋಗುವ ಮಾತನ್ನು ಸೊಸೆಯ ಬಾಯಿಂದ ಮುಗಿಸಿ ಎನ್ನಬಹುದು. ಒಂದು ಸಲ ಅತ್ತೆಯೂ ಜೊತೆಗೆ ಹೋಗುತ್ತಾರೆ, ಇನ್ನೊಂದು ಸಲ ಇಲ್ಲ. ಉಳಿದದ್ದೆಲ್ಲ ತೃಣಮಾತ್ರವೂ ಬದಲಾಗಬಾರದು.

ಇಲ್ಲೂ ಒಂದು ಬಲೆಯಿದೆ. ಮುಂದೆ ನಡೆಯಬೇಕಾದ ಕೆಲಸವಾದರೆ ಮಾತುಗಾರರು ‘ಹೋಗೋಣ’ ಎನ್ನುತ್ತಾರೆ, ಮಂಗಳೂರಿನ ಕಡೆಯವರು ‘ಹೋಗುವ’ ಎನ್ನುತ್ತಾರೆ. ಈ ಕ್ರಿಯಾರೂಪವೇ ಕೇಳುವವರನ್ನು ಸೇರಿಸಿಕೊಂಡುಬಿಡುತ್ತದೆ, ಸರ್ವನಾಮಕ್ಕೆ ಕೆಲಸವೇ ಉಳಿಯುವುದಿಲ್ಲ. ಆದ್ದರಿಂದ ಪ್ರಶ್ನೆಯನ್ನು ನಿನ್ನೆಗೆ ಸರಿಸಬೇಕು. ನಿನ್ನೆ ಗುಡಿಯಲ್ಲಿ ಕಂಡದ್ದನ್ನು ಜೊತೆಗಿದ್ದ ಅತ್ತೆಗೆ ನೆನಪಿಸುವುದು ಒಂದು, ಜೊತೆಗಿರದ ನೆರೆಯಾಕೆಗೆ ವರದಿ ಒಪ್ಪಿಸುವುದು ಇನ್ನೊಂದು. ಭೂತಕಾಲದಲ್ಲಿ ‘ಹೋಗೋಣ’ ನುಸುಳಲಾರದು. ಇಂಥ ಸಣ್ಣ ಬದಲಾವಣೆಯ ಮೇಲೆ ಇಡೀ ಫಲಿತಾಂಶ ನಿಂತಿರುತ್ತದೆ, ಪ್ರಶ್ನಾವಳಿ ಸಿದ್ಧಪಡಿಸಲು ಕ್ಷೇತ್ರಕಾರ್ಯದಷ್ಟೇ ಸಮಯ ಹಿಡಿಯುವುದೂ ಇದಕ್ಕಾಗಿ. ಅದೇ ಪರೀಕ್ಷೆಯನ್ನು ಬೇರೆ ಬೇರೆ ಕ್ರಿಯಾಪದಗಳಲ್ಲಿ ಮರುಕಳಿಸಬೇಕು, ನಡುವೆ ಸಂಬಂಧವಿಲ್ಲದ ಪ್ರಶ್ನೆಗಳನ್ನು ಬೆರೆಸಬೇಕು. ಸಂಶೋಧಕ ಏನನ್ನು ಹುಡುಕುತ್ತಿದ್ದಾನೆ ಎಂದು ಗೊತ್ತಾದ ಕ್ಷಣವೇ ಸಹಜ ಉತ್ತರ ನಿಂತುಹೋಗುತ್ತದೆ.

ಮಾತಿನ ಬದಲು ಚಿತ್ರದಿಂದ ಸನ್ನಿವೇಶ ಕಟ್ಟುವ ಕ್ರಮವೂ ಇದೆ. ಡೆಕ್ಕನ್ ಕಾಲೇಜು ರಾಜ್ಯ ಮರಾಠಿ ವಿಕಾಸ ಸಂಸ್ಥೆಯೊಡನೆ ಕೈಗೊಂಡ ಈಚಿನ ಮರಾಠಿ ಒಳನುಡಿಗಳ ಸಮೀಕ್ಷೆ ಕಿರು ವಿಡಿಯೊಗಳನ್ನು ತೋರಿಸಿ, ನೋಡಿದ್ದನ್ನು ಹೇಳಿಸುತ್ತದೆ. ಪ್ರಮಾಣ ಮರಾಠಿಯಲ್ಲಿ ಕೆಲಸ ಮುಗಿದಾಗ ಕರ್ತೃವಿಗೆ ‘ನೇ’ ಹತ್ತುತ್ತದೆ, ಕ್ರಿಯಾಪದ ಕರ್ಮವನ್ನು ಹಿಂಬಾಲಿಸುತ್ತದೆ: ‘ರಾಮಾನೇ ಆಂಬಾ ಖಾಲ್ಲಾ’, ಆದರೆ ‘ರಾಮಾನೇ ಪೋಳೀ ಖಾಲ್ಲೀ’. ಈ ಕಟ್ಟಳೆ ಒಳನುಡಿಗಳಲ್ಲಿ ಎಷ್ಟು ಸಡಿಲಿದೆ ಎಂದು ನೋಡಬೇಕಾದರೆ ತಿಂದು ಮುಗಿಸಿದ ದೃಶ್ಯ ಬೇಕು, ‘ಏನಾಯಿತು?’ ಎಂದು ಕೇಳಬೇಕು. ದೃಶ್ಯ ನಡೆಯುತ್ತಿರುವಾಗಲೇ ಕೇಳಿದರೆ ವರ್ತಮಾನ ಬರುತ್ತದೆ, ‘ನೇ’ಯ ಪ್ರಶ್ನೆಯೇ ಏಳುವುದಿಲ್ಲ. ವಿಡಿಯೊದಲ್ಲಿ ಯಾವ ಭಾಷೆಯೂ ಇಲ್ಲದಿರುವುದು ಅದರ ದೊಡ್ಡ ಲಾಭ. ಅನುವಾದದ ಅಂಟು ಇರುವುದಿಲ್ಲ, ಓದು ಬಾರದವರೂ ಉತ್ತರಿಸಬಹುದು. ಕನ್ನಡದ ‘ಬಂದ’, ‘ಬಂದಾನ’, ‘ಬಂದಿದಾನೆ’ಗಳಿಗೂ ಇದೇ ಕ್ರಮ ಒಗ್ಗುತ್ತದೆ. ಆದರೆ ಸಾಧ್ಯತೆ, ಅನುಮತಿ, ನಿಷೇಧಗಳನ್ನು ವಿಡಿಯೊ ತೋರಿಸಲಾರದು. ನಡೆಯದ ಕೆಲಸಕ್ಕೆ ದೃಶ್ಯವಿಲ್ಲ.

ವಾಕ್ಯ ಕೊಟ್ಟು ‘ಹೀಗೆ ಹೇಳಬಹುದೇ?’ ಎಂದು ಒಪ್ಪಿಗೆ ಕೇಳುವ ವಿಧಾನ ವ್ಯಾಕರಣಕಾರರಿಗೆ ಪ್ರಿಯವಾದದ್ದು, ಏಕೆಂದರೆ ಅಪರೂಪದ ರಚನೆಗಳನ್ನು ಅದೊಂದೇ ತಲುಪುತ್ತದೆ. ಅದರ ಅಪಾಯವೆಂದರೆ ಜನ ಮಾತನ್ನಲ್ಲ, ಮರ್ಯಾದೆಯನ್ನು ಅಳೆಯುತ್ತಾರೆ. ಮನೆಯಲ್ಲಿ ದಿನವಿಡೀ ‘ಮಾಡಾಕ ಹತ್ಯಾನ’ ಎನ್ನುವವರು ಅದನ್ನು ಕಾಗದದ ಮೇಲೆ ಕಂಡರೆ ತಪ್ಪು ಎಂದು ಅಡ್ಡಗೆರೆ ಹಾಕುತ್ತಾರೆ. ‘ನೀವು ಹೇಳ್ತೀರಾ?’ ಎನ್ನುವ ಬದಲು ‘ನಿಮ್ಮ ಊರ ಕಡೆ ಯಾರಾದರೂ ಹೀಗೆ ಹೇಳ್ತಾರಾ?’ ಎಂದು ಕೇಳುವುದು ಒಂದು ಪರಿಹಾರ. ಬರೆದು ತೋರಿಸುವ ಬದಲು ಅದೇ ನುಡಿಯ ದನಿಯಲ್ಲಿ ಮುದ್ರಿಸಿ ಕೇಳಿಸುವುದು ಇನ್ನೊಂದು. ಮುಂಬಯಿ ಸೀಮೆಯಲ್ಲಿ ಎರಡನೆಯದು ಅನಿವಾರ್ಯವೂ ಹೌದು: ಮರಾಠಿ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಎಷ್ಟೋ ಮಕ್ಕಳು ಕನ್ನಡ ಆಡಬಲ್ಲರು, ಓದಲಾರರು. ಕನ್ನಡ ಲಿಪಿಯ ಪ್ರಶ್ನಾವಳಿ ಹಂಚಿದರೆ ಅವರೆಲ್ಲ ಅಧ್ಯಯನದಿಂದ ತಾವಾಗಿ ಹೊರಗುಳಿಯುತ್ತಾರೆ. ಯಾವ ಪೀಳಿಗೆಯಲ್ಲಿ ವ್ಯಾಕರಣ ಬದಲಾಗುತ್ತಿದೆಯೋ ಆ ಪೀಳಿಗೆಯೇ ಕೈತಪ್ಪಿದಂತಾಗುತ್ತದೆ.

ಇವೆಲ್ಲಕ್ಕೂ ಒರೆಗಲ್ಲಾಗಿ ಸಹಜ ಮಾತಿನ ಧ್ವನಿಮುದ್ರಣ ಬೇಕು. ಗಮನಿಸುವವರು ಇಲ್ಲದಾಗ ಜನ ಹೇಗೆ ಮಾತಾಡುತ್ತಾರೆ ಎಂಬುದನ್ನೇ ಗಮನಿಸಬೇಕಾದ ಈ ವಿಚಿತ್ರ ಇಕ್ಕಟ್ಟಿಗೆ ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ ಕಂಡುಕೊಂಡ ದಾರಿ, ಮಾತುಗಾರ ಮೈಮರೆಯುವಂಥ ಕಥೆಯನ್ನು ಹೇಳಿಸುವುದು. ಜೀವಕ್ಕೆ ಅಪಾಯ ಬಂದಿತ್ತೇ ಎಂಬ ಅವರ ಪ್ರಶ್ನೆ ಪ್ರಸಿದ್ಧ. ಕಲ್ಯಾಣ್–ಡೊಂಬಿವಲಿಯಲ್ಲಿ ಅಂಥ ಪ್ರಶ್ನೆಯನ್ನು ಹೊಸದಾಗಿ ಹುಡುಕಬೇಕಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್ ಕೇಂದ್ರದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾಯಿತು, ಲೋಕಲ್ ರೈಲುಗಳು ನಿಂತವು, ಉಲ್ಹಾಸ್ ನದಿ ಉಕ್ಕಿ ಕಲ್ಯಾಣಿನ ಸುತ್ತಮುತ್ತ ನೀರು ನುಗ್ಗಿತು. ಆ ರಾತ್ರಿ ಹಳಿಗುಂಟ ನಡೆದವರು, ಕಚೇರಿಯಲ್ಲೇ ಉಳಿದವರು, ಮಕ್ಕಳಿಗಾಗಿ ಕಾದವರು ಇಲ್ಲಿ ಮನೆಮನೆಯಲ್ಲೂ ಇದ್ದಾರೆ. ಅದನ್ನು ಹೇಳತೊಡಗಿದಾಗ ಪುಸ್ತಕದ ಕನ್ನಡ ಜಾರಿ ಮನೆಯ ಕನ್ನಡ ಹೊರಬರುತ್ತದೆ; ಭೂತಕಾಲದ ಎಲ್ಲ ಬಗೆಗಳೂ, ‘ಅಂತ’, ‘ಅಂದ್ರ’ ಎಂದು ಇನ್ನೊಬ್ಬರ ಮಾತನ್ನು ಎತ್ತಿ ಹೇಳುವ ರಚನೆಗಳೂ ಹೇರಳವಾಗಿ ಸಿಗುತ್ತವೆ. ಮನೆಯವರನ್ನು ಕಳಕೊಂಡವರನ್ನು ಮಾತ್ರ ವ್ಯಾಕರಣದ ಆಸೆಗೆ ಆ ನೆನಪಿನತ್ತ ನೂಕಬಾರದು.

ಎದುರಿಗೆ ಕೂತು ಕೇಳುವವರು ಯಾರು ಎಂಬುದೂ ರೂಪವನ್ನು ಬದಲಿಸುತ್ತದೆ. ಕುಂದಾಪುರದವರು ಬೆಂಗಳೂರಿನ ಸಂಶೋಧಕನ ಮುಂದೆ ಕುಂದಗನ್ನಡ ಆಡುವುದು ಕಡಿಮೆ. ನೆದರ್‌ಲೆಂಡ್ಸ್ ಮತ್ತು ಬೆಲ್ಜಿಯಂಗಳ, ವಾಯವ್ಯ ಫ್ರಾನ್ಸಿನ ಒಂದು ಚಿಕ್ಕ ಭಾಗದ ಒಟ್ಟು 267 ಊರುಗಳಲ್ಲಿ ಡಚ್ ಒಳನುಡಿಗಳ ವಾಕ್ಯರಚನೆಯ ಅಟ್ಲಾಸ್ ತಯಾರಿಸಿದವರು ಇದಕ್ಕೊಂದು ಜಾಣ ಉಪಾಯ ಮಾಡಿದರು: ಪ್ರಶ್ನೆಗಳನ್ನು ತಾವು ಕೇಳದೆ, ಆ ಊರಿನವರೇ ಒಬ್ಬರು ಇನ್ನೊಬ್ಬರನ್ನು ತಮ್ಮ ನುಡಿಯಲ್ಲೇ ಕೇಳುವಂತೆ ಏರ್ಪಡಿಸಿದರು. ಅಂಚೆಯ ಪ್ರಶ್ನಾವಳಿ, ಮುಖಾಮುಖಿ, ದೂರವಾಣಿ ಮೂರನ್ನೂ ಬಳಸಿ ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿದರು. ಕನ್ನಡಕ್ಕೆ ಒಂದು ವಿಧಾನವನ್ನು ಮಾದರಿಯಾಗಿ ಆರಿಸುವುದಾದರೆ ಇದನ್ನೇ ಆರಿಸಬೇಕು.

ಯಾರನ್ನು ಕೇಳಬೇಕು ಎಂಬಲ್ಲಿ ಹಳೆಯ ಸಮೀಕ್ಷೆಗಳಿಗೂ ಥಾಣೆ ಪಟ್ಟಿಗೂ ಹೊಂದಿಕೆಯಾಗುವುದಿಲ್ಲ. ಊರು ಬಿಟ್ಟು ಕದಲದ, ಹೆಚ್ಚು ಓದದ, ವಯಸ್ಸಾದ ಹಳ್ಳಿಗ ಹಿಂದಿನವರ ಆದರ್ಶ ಮಾತುಗಾರ. ಇಲ್ಲಿ ಎಲ್ಲರೂ ಊರು ಬಿಟ್ಟವರೇ. ಹೋಟೆಲು, ಬ್ಯಾಂಕುಗಳ ಬೆನ್ನು ಹಿಡಿದು ಬಂದ ಕರಾವಳಿಯವರಲ್ಲಿ ಎಷ್ಟೋ ಮನೆಗಳ ಮಾತು ತುಳು. ಕಟ್ಟಡ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದವರಲ್ಲಿ ಲಂಬಾಣಿ ಆಡುವವರು ಸಾಕಷ್ಟಿದ್ದಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳಿಂದ ಬಂದವರಿಗೆ ಮರಾಠಿ ಊರಲ್ಲೇ ಪರಿಚಿತ. 2011ರ ಜನಗಣತಿ ಮಹಾರಾಷ್ಟ್ರದಲ್ಲಿ ಸುಮಾರು 10 ಲಕ್ಷ ಕನ್ನಡಿಗರನ್ನು ಎಣಿಸಿದೆ. ತುಳುವಿಗೆ ಪ್ರತ್ಯೇಕ ಲೆಕ್ಕವಿದೆ; ಹವ್ಯಕ, ಕುಂದಾಪುರ, ಕಲಬುರಗಿ ಎಂದು ಗಣತಿಯಿಂದ ತಿಳಿಯುವ ದಾರಿಯಿಲ್ಲ. ಹೀಗಾಗಿ ಇಲ್ಲಿ ಮಾದರಿಯ ಘಟಕ ಊರಾಗಲಾರದು, ಮನೆಯಾಗಬೇಕು: ಅಜ್ಜಿ, ಮಗ, ಮೊಮ್ಮಗಳು ಒಂದೇ ಸೂರಿನಡಿ ಸಿಕ್ಕರೆ ಮೂರು ಹಂತದ ವ್ಯಾಕರಣ ಒಟ್ಟಿಗೆ ಸಿಗುತ್ತದೆ. ಮನೆಗಳನ್ನು ತಲುಪಲು ಬೆಲ್‌ಫಾಸ್ಟ್‌ನಲ್ಲಿ ಭಾಷಾವಿಜ್ಞಾನಿ ಲೆಸ್ಲಿ ಮಿಲ್ರಾಯ್ ಬಳಸಿದ ‘ಗೆಳೆಯರ ಗೆಳೆಯ’ನಾಗಿ ಹೋಗುವ ಕ್ರಮ ಹೊಂದುತ್ತದೆ. ಮಂಜುನಾಥ ವಿದ್ಯಾಲಯ ನಡೆಸುವ ಡೊಂಬಿವಲಿ ಕರ್ನಾಟಕ ಸಂಘದಂಥ ಸಂಸ್ಥೆಗಳು, ಭಜನಾ ಮಂಡಳಿಗಳು ಬಾಗಿಲು ತೆರೆಯಬಲ್ಲವು. ಆದರೆ ಸಂಘಕ್ಕೆ ಬರುವವರು ಕನ್ನಡದ ಬಗ್ಗೆ ಎಚ್ಚರವುಳ್ಳವರು. ಸಂಘದ ಮೆಟ್ಟಿಲು ಹತ್ತದ ಕಟ್ಟಡ ಕಾರ್ಮಿಕರನ್ನು, ಹೋಟೆಲಿನ ಹುಡುಗರನ್ನು ಬೇರೆ ದಾರಿಯಿಂದ ಹುಡುಕದಿದ್ದರೆ ‘ಮುಂಬಯಿ ಕನ್ನಡ’ ಎಂಬ ಹೆಸರಿನಲ್ಲಿ ಅರ್ಧ ಚಿತ್ರವಷ್ಟೇ ದಾಖಲಾಗುತ್ತದೆ.

ಇಲ್ಲಿ ಕೇಳಿದ ರೂಪ ಇಲ್ಲಿಯೇ ಹುಟ್ಟಿದ್ದೆಂದು ಹೇಳಲು ಹೋಲಿಕೆ ಬೇಕು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಸಾಂಗ್ಲಿ ಜಿಲ್ಲೆಯ ಕುಪ್ವಾಡದ ಕನ್ನಡ, ಮರಾಠಿ, ಉರ್ದುಗಳು ಶತಮಾನಗಳ ಒಡನಾಟದಲ್ಲಿ ವ್ಯಾಕರಣದಲ್ಲಿ ಒಂದಕ್ಕೊಂದು ಹತ್ತಿರವಾದುದನ್ನು ತೋರಿಸಿತು. ಅಲ್ಲಿನ ಮರಾಠಿಯ ಲಿಂಗ ಕನ್ನಡದ ಹಾದಿ ಹಿಡಿದಿತ್ತು. ಅಲ್ಲಿನ ಕನ್ನಡ ‘ಇದು ನಮ್ಮ ಮನೆ’ ಎಂಬಂಥ ವಾಕ್ಯದ ಕೊನೆಗೆ ಮರಾಠಿಯ ‘ಆಹೇ’ಯಂತೆ ‘ಐತಿ’ಯನ್ನು ಇಡುತ್ತಿತ್ತು. ನಾಲ್ಕು ದಶಕಗಳ ಬಳಿಕ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿ ಮತ್ತೆ ಅದೇ ಊರಿನ ಭಾಷೆಗಳನ್ನು ಅಭ್ಯಸಿಸಿ ಆ ತೀರ್ಮಾನಗಳನ್ನು ವಿಮರ್ಶೆಗೆ ಒಡ್ಡಿದರು. ಕಲ್ಯಾಣಿನಲ್ಲಿ ‘ಅವ ಮಾಸ್ತರ ಅದಾನ’ ಎಂದು ಕೇಳಿದೊಡನೆ ಮುಂಬಯಿಯ ಮರಾಠಿಯ ಪ್ರಭಾವ ಎಂದು ಬರೆದುಕೊಳ್ಳುವುದು ಅವಸರ. ಆ ಮಾತು ಉತ್ತರ ಕರ್ನಾಟಕದ ಊರಿನಿಂದಲೇ ಜೊತೆಗೆ ಬಂದಿರಬಹುದು. ಊರಲ್ಲೇ ಉಳಿದ ಅಣ್ಣನನ್ನೂ ಕಲ್ಯಾಣಿಗೆ ಬಂದ ತಮ್ಮನನ್ನೂ ಅದೇ ಪ್ರಶ್ನಾವಳಿಯಿಂದ ಕೇಳಬೇಕು. ಅಣ್ಣನ ಮಾತಿನಲ್ಲಿ ಇಲ್ಲದ್ದು ತಮ್ಮನ ಮಾತಿನಲ್ಲಿದ್ದರೆ, ತಮ್ಮನ ಮಕ್ಕಳಲ್ಲಿ ಹೆಚ್ಚಿದ್ದರೆ, ಆಗ ಮಾತ್ರ ಅದನ್ನು ಇಲ್ಲಿ ಬೆಳೆದದ್ದು ಎನ್ನಬಹುದು.

ಕೊನೆಯ ಕೆಲಸ ಎಣಿಕೆ. ‘ಮಾಡಾಕ’ ಎಷ್ಟು ಸಲ ಬಂತು ಎಂದು ಎಣಿಸಿದರೆ ಸಾಲದು. ಅದು ಬರಬಹುದಾಗಿದ್ದ ಜಾಗಗಳಲ್ಲಿ ‘ಮಾಡೋಕೆ’, ‘ಮಾಡ್ಲಿಕ್ಕೆ’ ಎಷ್ಟು ಸಲ ಬಂದವು ಎಂಬುದನ್ನೂ ಎಣಿಸಬೇಕು. ಬಂದದ್ದನ್ನಷ್ಟೇ ಎಣಿಸಿದರೆ ಹೆಚ್ಚು ಮಾತಾಡುವವರ ನುಡಿಯೇ ಹೆಚ್ಚು ತೂಗುತ್ತದೆ. ವಯಸ್ಸು, ಲಿಂಗ, ಮೂಲ ಊರು, ಜಾತಿ, ಮನೆಮಾತು, ಎದುರಿಗಿದ್ದವರು, ಹಿಂದಿನ ವಾಕ್ಯದಲ್ಲಿ ಬಂದ ರೂಪ, ಇವುಗಳಲ್ಲಿ ಯಾವುದು ಎಷ್ಟು ಎಳೆಯುತ್ತದೆ ಎಂದು ಸಂಖ್ಯಾಶಾಸ್ತ್ರದ ಮಾದರಿಗಳು ಬೇರ್ಪಡಿಸಿ ತೋರಿಸುತ್ತವೆ, ಒಬ್ಬ ವ್ಯಕ್ತಿಯ ಸ್ವಂತ ಚಾಳಿಯನ್ನು ಗುಂಪಿನ ಲಕ್ಷಣದಿಂದ ಬಿಡಿಸುತ್ತವೆ. ಆದರೆ ಮುದ್ರಣವೇ ಕೆಟ್ಟಿದ್ದರೆ ಯಾವ ಮಾದರಿಯೂ ಕಾಪಾಡದು. ‘ಬಂದಾನ’ಕ್ಕೂ ‘ಬಂದಾನೆ’ಗೂ ಇರುವ ವ್ಯತ್ಯಾಸ ಕೊನೆಯ ಒಂದು ಸ್ವರದಲ್ಲಿದೆ, ಹಳಿಯ ಪಕ್ಕದ ಮನೆಯಲ್ಲಿ ಲೋಕಲ್ ಹಾದುಹೋಗುವಾಗ ಅದು ಕೇಳಿಸುವುದಿಲ್ಲ. ಕೊರಳಪಟ್ಟಿಗೆ ಸಿಕ್ಕಿಸುವ ಮೈಕು, ಒಳಕೋಣೆ, ಇಬ್ಬರು ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳುವುದು, ಇವು ಸಣ್ಣ ಸಂಗತಿಗಳಲ್ಲ. ಬರೆದುಕೊಳ್ಳುವಾಗ ಕೈ ತಾನಾಗಿ ಗ್ರಂಥದ ಕನ್ನಡಕ್ಕೆ ತಿದ್ದುತ್ತದೆ, ‘ಮನ್ಯಾಗ’ ‘ಮನೆಯಾಗ’ ಆಗಿಬಿಡುತ್ತದೆ. ಆದ್ದರಿಂದ ಬರಹದ ಜೊತೆಗೆ ಧ್ವನಿಯನ್ನೂ ಮಾತುಗಾರರ ಒಪ್ಪಿಗೆ ಪಡೆದು, ಹೆಸರು ಮರೆಮಾಡಿ, ಗ್ರಂಥಾಲಯವೊಂದರಲ್ಲಿ ಇಡಬೇಕು. ವಿದ್ಯಾನಗರಿಯಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇಂಥ ಸಂಗ್ರಹಕ್ಕೆ ತಕ್ಕ ಜಾಗ. ಅಜ್ಜಿಯಂದಿರ ಪೀಳಿಗೆಯ ಕನ್ನಡವನ್ನು ಮುದ್ರಿಸಲು ಉಳಿದಿರುವ ಕಾಲ ಹೆಚ್ಚಿಲ್ಲವಾದ್ದರಿಂದ, ಪ್ರಶ್ನಾವಳಿ ಪಕ್ವವಾಗುವವರೆಗೆ ಕಾಯದೆ ಅವರ ಸಹಜ ಮಾತಿನ ಮುದ್ರಣವನ್ನು ಮೊದಲು ಮುಗಿಸಿ, ಮಕ್ಕಳ ಪರೀಕ್ಷೆಗಳನ್ನು ಆಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು.